ಎಮ್ಮೆಕೋಡಿನ ಚಾಳೀಸು

ಲಕ್ಷ್ಮೇಶ್ವರದ ಹಣಮಂತದೇವರ ಗುಡಿಯಲ್ಲಿ ಪುರಾಣ ಹೇಳುವ ಮಾರ್ತಾಂಡಾಚಾರ್ಯರಿಗೆ ಪೋಥಿಯ ಅಕ್ಷರ ಕಾಣದಂತಾಗಿ ಎರಡು ವರ್ಷವಾಗಿತ್ತು. ಈ ಸಂಗತಿ ತಮ್ಮೊಬ್ಬರಿಗೇ ಗೊತ್ತು ಎಂದು ಅವರು ತಿಳಿದಿದ್ದರು. ಪೋಥಿಯನ್ನು ವ್ಯಾಸಪೀಠದ ಮೇಲೆ ಬಿಡಿಸಿಟ್ಟು, ಕನ್ನಡಕ ಏರಿಸಿ, ಹಾಳೆಯ ಮೇಲೆ ಬೆರಳಾಡಿಸುತ್ತ ಓದುವ ಅವರ ಗತ್ತು ನೋಡಿದರೆ ಯಾರಿಗೂ ಸಂಶಯ ಬರುವಂತಿರಲಿಲ್ಲ. ಬೆರಳು ಸಾಲಿನ ಮೇಲೆ ಹೋಗುತ್ತಿತ್ತು, ಬಾಯಿ ತನ್ನ ದಾರಿ ಹಿಡಿದು ಹೋಗುತ್ತಿತ್ತು. ಎರಡಕ್ಕೂ ಸಂಬಂಧವಿರಲಿಲ್ಲ.

ಹರೆಯದಿಂದ ಹೇಳಿಕೊಂಡು ಬಂದ ಪುರಾಣ, ಅರ್ಧ ಬಾಯಿಪಾಠವೇ ಆಗಿತ್ತು. ಉಳಿದರ್ಧಕ್ಕೆ ಆಚಾರ್ಯರು ಒಂದು ಉಪಾಯ ಕಂಡುಕೊಂಡಿದ್ದರು. ಕಥೆ ಎಲ್ಲಿ ನೆನಪು ತಪ್ಪುತ್ತದೋ ಅಲ್ಲಿ ಒಬ್ಬ ಋಷಿ ರಾಜನ ಅರಮನೆಗೆ ಬರುತ್ತಿದ್ದ. ಋಷಿ ಬಂದ ಮೇಲೆ ರಾಜ ಅವನನ್ನು ಹಾಗೇ ಕಳಿಸಲಾದೀತೇ? ಎಲೆ ಹಾಕಿಸುತ್ತಿದ್ದ. ಊಟ ವರ್ಣಿಸುವುದಕ್ಕೆ ಪೋಥಿಯೂ ಬೇಡ, ಕಣ್ಣೂ ಬೇಡ. ಉಪ್ಪಿನಕಾಯಿ, ಕೋಸಂಬರಿಯಿಂದ ಹಿಡಿದು ಹೋಳಿಗೆಯ ಮೇಲಿನ ತುಪ್ಪ ಹರಿದು ಎಲೆಯ ಅಂಚಿಗೆ ಬರುವವರೆಗೆ ಆಚಾರ್ಯರು ಸಾವಕಾಶ ಬಡಿಸುತ್ತಿದ್ದರು. ಅಷ್ಟರಲ್ಲಿ ಮುಂದಿನ ಕಥೆ ನೆನಪಾಗುತ್ತಿತ್ತು. ಆಗದಿದ್ದರೆ ಋಷಿ ಮತ್ತೊಮ್ಮೆ ಅನ್ನ ಹಾಕಿಸಿಕೊಳ್ಳುತ್ತಿದ್ದ.

ಕೇಳುವವರಿಗೆ ಇದರಿಂದ ಬೇಸರವೇನೂ ಆಗಲಿಲ್ಲ, ಮಂದಿ ಹೆಚ್ಚೇ ಆದರು. ಏಕಾದಶಿಯ ಸಂಜೆಯಂತೂ ಗುಡಿಯ ಕಟ್ಟೆಯ ಮೇಲೂ ಜಾಗ ಸಿಗುತ್ತಿರಲಿಲ್ಲ. ಬೆಳಗಿನಿಂದ ನೀರೂ ಮುಟ್ಟದೆ ಉಪವಾಸವಿದ್ದ ಹೆಂಗಸರು ಹತ್ತಿಯ ಗಂಟು ತಂದು, ಹೂಬತ್ತಿ ಹೊಸೆಯುತ್ತ, ಋಷಿ ಯಾವಾಗ ಬಂದಾನೆಂದು ದಾರಿ ಕಾಯುತ್ತಿದ್ದರು. ಋಷಿ ಉಂಡಂತೆಲ್ಲ ಅವರ ಹೊಟ್ಟೆ ತಣ್ಣಗಾಗುತ್ತಿತ್ತು. ಹಿಂದಿನ ಕಂಬಕ್ಕೊರಗಿ ಕೂತ ಆಚಾರ್ಯರ ಹೆಂಡತಿ ತಾರಾಬಾಯಿಯವರು ಮಾತ್ರ ಊಟದ ಮಾತು ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಭಕ್ತಿಯಿಂದ ಗಂಟಲು ತುಂಬಿ ಬರುತ್ತದೆಂದು ಆಚಾರ್ಯರು ತಿಳಿದಿದ್ದರು. ಕಣ್ಣು ಮಂಜಾದವರು ಏನು ಬೇಕಾದರೂ ತಿಳಿಯಬಹುದು.

ಹೀಗೆ ಸುಖವಾಗಿ ನಡೆದಿರುವಾಗ, ಎಪ್ಪತ್ತೆಂಟನೆಯ ಇಸವಿಯ ದೀಪಾವಳಿ ಕಳೆದ ಮೇಲೆ, ತಾರಾಬಾಯಿಯವರ ಅಣ್ಣ ಅನಂತರಾಯರು ಮಿರಜದ ಪೋಸ್ಟಿನ ನೌಕರಿಯಿಂದ ನಿವೃತ್ತರಾಗಿ ಊರಿಗೆ ಬಂದು ಮನೆ ಹಿಡಿದರು. ಜೀವಮಾನವಿಡೀ ಮಂದಿಯ ಪತ್ರದ ಮೇಲಿನ ವಿಳಾಸ ಓದಿದ ಮನುಷ್ಯ. ಬರೆದದ್ದು ಒಂದು, ಓದುವುದು ಇನ್ನೊಂದು ಎಂದರೆ ಅವರ ಮೈ ಉರಿಯುತ್ತಿತ್ತು. ಮೂಗಿನ ಮೇಲೆ ಹುಬ್ಬಳ್ಳಿಯಲ್ಲಿ ಮಾಡಿಸಿದ ಬಂಗಾರಬಣ್ಣದ ಹೊಸ ಕನ್ನಡಕ. "ಒಂದ ಕಾಜಿನೊಳಗ ಎರಡ ನಂಬರ ಅವ. ಮ್ಯಾಲಿಂದು ದೂರ ನೋಡ್ಲಿಕ್ಕೆ, ಕೆಳಗಿಂದು ಓದ್ಲಿಕ್ಕೆ" ಎಂದು ಕೇಳದವರಿಗೂ ತೆಗೆದು ತೋರಿಸುತ್ತಿದ್ದರು. ಸಾಲದ್ದಕ್ಕೆ ಆಚಾರ್ಯರು ಓದುವ ಪೋಥಿಯ ಅದೇ ಅಚ್ಚಿನ ಪ್ರತಿ ಅವರ ಹತ್ತಿರವೂ ಇತ್ತು. ಬಂದ ವಾರವೇ ಅದನ್ನು ಬಗಲಲ್ಲಿಟ್ಟುಕೊಂಡು ಗುಡಿಗೆ ಬಂದು, ಎಲ್ಲರಿಗಿಂತ ಮುಂದೆ ಕೂತು, ಬೆರಳಿಟ್ಟು ಹಿಂಬಾಲಿಸತೊಡಗಿದರು.

"ಆಚಾರ್ರ, ಈ ಹಾಳಿಯೊಳಗ ಋಷಿ ಬಂದೇ ಇಲ್ಲಲ್ಲ?" ಎಂದರು ನಡುವೆಯೇ.

"ಬರ್ತಾನ, ಸ್ವಲ್ಪ ತಡೀರಿ."

"ಮುಂದಿನ ಹಾಳಿಯೊಳಗೂ ಇಲ್ಲ."

"ನಡಕೋತ ಬರೋ ಋಷಿ ಅನಂತರಾಯರ, ಟಪಾಲಿನ ಗಾಡಿಯೊಳಗ ಬರೋದಿಲ್ಲ."

ಮಂದಿ ನಕ್ಕರು. ಆದರೆ ಜಾನಕೀಬಾಯಿಯವರು ನಗಲಿಲ್ಲ. ಗುಡಿಯ ದೀಪದ ಎಣ್ಣೆ ಅವರ ಮನೆಯದು, ಪುರಾಣದ ಪೀಠ ಹಾಕಿಸಿಕೊಟ್ಟವರು ಅವರ ಮಾವನವರು. ಗುಡಿಯಲ್ಲಿ ಅವರು ಆಡಿದ ಮಾತೇ ಕಡೆಯ ಮಾತು. ಪುರಾಣ ಮುಗಿದ ಮೇಲೆ ಅವರು ಇಬ್ಬರನ್ನೂ ಕರೆದು ಕೂರಿಸಿಕೊಂಡರು.

"ಕಣ್ಣು ಹೋಗಿದ್ರ ಹೋಗ್ಯಾವ ಅಂತ ಹೇಳ್ರಿ ಆಚಾರ್ರ, ವಯಸ್ಸಾದ ಮ್ಯಾಲ ಯಾರ ಕಣ್ಣು ಉಳದಾವು. ಆದ್ರ ಪೀಠದ ಮ್ಯಾಲ ಕೂತವರು ಪೋಥಿಯೊಳಗ ಇದ್ದದ್ದು ಓದಬೇಕು. ಬರೋ ಏಕಾದಶಿ ದಿವಸ ಅನಂತರಾಯರು ನಿಮ್ಮ ಬಾಜೂಕ ಕೂತು ನೋಡ್ತಾರ. ಸರಿಯಾಗಿ ಓದಿದ್ರಿ, ಪೀಠ ನಿಮ್ಮದು. ಇಲ್ಲಾಂದ್ರ ಅವರು ಓದ್ಲಿ, ನೀವು ಮುಂದ ಕೂತು ಕೇಳ್ರಿ."

ಕಣ್ಣು ಹೋಗಿವೆ ಎಂದು ಒಪ್ಪಿಕೊಳ್ಳಲು ಆಚಾರ್ಯರ ನಾಲಿಗೆ ಏಳಲಿಲ್ಲ. ಆ ಪೀಠದಿಂದ ಅವರಿಗೆ ಬರುತ್ತಿದ್ದದ್ದು ವರ್ಷಕ್ಕೊಂದು ಧೋತರ, ಏಕಾದಶಿಗೊಂದು ತೆಂಗಿನಕಾಯಿ, ಅಷ್ಟೇ. ಆದರೆ ತಂದೆ ಕೂತ ಪೀಠ. ಓಣಿಯಲ್ಲಿ ಹೋಗುವಾಗ ಮಂದಿ ಜಗಲಿಯಿಂದೆದ್ದು ನಿಲ್ಲುತ್ತಿದ್ದದ್ದು ಪೀಠಕ್ಕೆ, ತಮಗಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದರಿಂದ ಇಳಿದರೆ ಮಾರ್ತಾಂಡಾಚಾರ್ಯರು ಬರೀ ಮಾರ್ತಾಂಡ. ಅದರಲ್ಲೂ ಹೆಂಡತಿಯ ಅಣ್ಣ ಮೇಲೆ ಕೂತು, ತಾವು ಕೆಳಗೆ ಕೂತು ಬತ್ತಿ ಹೊಸೆಯುವ ಚಿತ್ರ ಕಣ್ಣ ಮುಂದೆ ಬಂದಾಗ ಅವರಿಗೆ ಅನ್ನ ಸೇರಲಿಲ್ಲ.

ಹೊಸ ಕನ್ನಡಕ ಹಾಕಿಕೊಂಡರೆ ತೀರಿತಲ್ಲ ಎಂದು ನೀವು ಅನ್ನಬಹುದು. ಅಷ್ಟು ಸುಲಭವಾಗಿದ್ದರೆ ಈ ಕಥೆ ಹೇಳುವ ಕೆಲಸವೇ ಇರುತ್ತಿರಲಿಲ್ಲ. ಹೊಸ ಚೌಕಟ್ಟು ಮೂಗಿಗೇರಿಸಿಕೊಂಡು ಹೋಗುವುದೆಂದರೆ, ಇಷ್ಟು ದಿನ ನನಗೆ ಕಾಣುತ್ತಿರಲಿಲ್ಲ ಎಂದು ಊರಿಗೆ ಡಂಗುರ ಸಾರಿದಂತೆ. ಹಳೆಯ ಚೌಕಟ್ಟಾದರೂ ಸಾಮಾನ್ಯದ್ದಲ್ಲ. ಅವರ ತಂದೆ ಪುಣೆಯಿಂದ ತಂದ ದುಂಡನೆಯ, ಕಪ್ಪು ಎಮ್ಮೆಕೋಡಿನ ಚೌಕಟ್ಟು. ಓಣಿಯವರ ಬಾಯಲ್ಲಿ ಆ ಕನ್ನಡಕ ‘ಎಮ್ಮೆಕೋಡಿನ ಚಾಳೀಸು’. ಮಡಿಯಲ್ಲಿ ಕೋಡು ನಡೆಯುತ್ತದೆಯೇ ಎಂದು ಆಗ ಓಣಿಯಲ್ಲಿ ದೊಡ್ಡ ಚರ್ಚೆಯಾಗಿ, ಎಮ್ಮೆಯ ಹಾಲು ನಡೆಯುವಾಗ ಕೋಡಿನ ತಪ್ಪೇನು ಎಂದು ತಂದೆಯವರು ಎಲ್ಲರ ಬಾಯಿ ಮುಚ್ಚಿಸಿದ್ದರು. ಆದರೂ ಒಂದು ಕಟ್ಟಳೆ ಹಾಕಿದರು. ಈ ಕನ್ನಡಕ ಪುರಾಣಕ್ಕೆ ಮಾತ್ರ, ಬೇರೆ ಹೊತ್ತಿನಲ್ಲಿ ಮೂಗಿಗೇರಿಸುವಂತಿಲ್ಲ. ಮಗನೂ ಅದನ್ನೇ ನಡೆಸಿಕೊಂಡು ಬಂದಿದ್ದರು.

ಹಳೆಯ ಚೌಕಟ್ಟನ್ನು ಹುಬ್ಬಳ್ಳಿಯ ದೊಡ್ಡ ಅಂಗಡಿಯವರು ಮುಟ್ಟುವುದೂ ಇಲ್ಲ, ಎಲ್ಲ ಹೊಸದೇ ಕೊಳ್ಳಬೇಕು, ಆ ರೊಕ್ಕದಲ್ಲಿ ಒಂದು ಮುಂಜಿವೆ ಮುಗಿಯುತ್ತದೆ ಎಂದು ಅನಂತರಾಯರೇ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಗದಗಿನಲ್ಲಿ ಖಾಸಿಂಸಾಬ ಎಂಬವನಿದ್ದಾನೆ, ಇದ್ದ ಚೌಕಟ್ಟಿಗೇ ಕಾಜು ಬದಲಿಸಿ ಅಗ್ಗದಲ್ಲಿ ಕೆಲಸ ಮುಗಿಸುತ್ತಾನೆ ಎಂದು ಪೇಟೆಯ ಜೋಳದ ವ್ಯಾಪಾರಿಯೊಬ್ಬ ಹೇಳಿದ. ಆಚಾರ್ಯರ ಕಿವಿ ನೆಟ್ಟಗಾದವು. ಹೊರಗಿನಿಂದ ನೋಡಿದರೆ ಅದೇ ಕನ್ನಡಕ, ಒಳಗೆ ಹೊಸ ಕಣ್ಣು. ಏಕಾದಶಿಯ ಹಿಂದಿನ ದಿನ, ಪಂಚಾಂಗ ತರಲು ಹೋಗುತ್ತೇನೆಂದು ಹೆಂಡತಿಗೆ ಸುಳ್ಳು ಹೇಳಿ ಗದಗಿನ ಬಸ್ಸು ಹತ್ತಿದರು.

"ಪಂಚಾಂಗ ಗೂಟಕ್ಕ ತೂಗಹಾಕೇದಲ್ರಿ," ಎಂದು ತಾರಾಬಾಯಿಯವರು ಹಿಂದಿನಿಂದ ಕೂಗಿದ್ದು ಕೇಳಿಸದವರ ಹಾಗೆ ಹೋದರು.

ಖಾಸಿಂಸಾಬನ ಅಂಗಡಿ ಟಾಂಗಾಗಳು ನಿಲ್ಲುವಲ್ಲಿ, ಗಡಿಯಾರ ರಿಪೇರಿಯವನ ಬಾಜೂಕ್ಕಿತ್ತು. ಅವನ ಕನ್ನಡಕಕ್ಕೇ ಒಂದು ಕಡ್ಡಿ ಇರಲಿಲ್ಲ, ಆ ಕಡೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದ. ಊರವರ ಕಣ್ಣು ತಿದ್ದುವವನಿಗೆ ತನ್ನದಕ್ಕೆ ಪುರಸೊತ್ತಿರಲಿಲ್ಲ.

"ಗದಗ-ಬೆಟಗೇರಿ ಒಳಗ ಅರ್ಧ ಮಂದಿ ನನ್ನ ಕಾಜಿನ್ಯಾಗ ನೋಡತಾರ್ರಿ," ಎಂದ.

"ಉಳದ ಅರ್ಧ ಮಂದಿ?"

"ಅವರು ಎಡವತಾರ್ರಿ. ಬರ್ರಿ, ಕುಂಡ್ರಿ. ಆ ಹಲಗಿ ಓದ್ರಿ ನೋಡೋಣು."

ಗೋಡೆಯ ಮೇಲೆ, ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಕನ್ನಡ ಅಕ್ಷರಗಳ ಹಲಗೆ ಇತ್ತು. ಎಲ್ಲಕ್ಕೂ ಮೇಲಿನ ‘ರ’ ಆಚಾರ್ಯರಿಗೆ ಕಂಡಿತು. ಕೆಳಗೆಲ್ಲ ಮಂಜು. ಆದರೆ ಎರಡು ವರ್ಷದ ರೂಢಿ ಬಿಡುತ್ತದೆಯೇ? ಕಾಣಲಿಲ್ಲವೆಂದು ಹೇಳುವ ಮೊದಲೇ ಬಾಯಿ ಹೊರಟುಬಿಟ್ಟಿತು. ರಾಜನೊಬ್ಬನಿದ್ದ. ಅವನ ಅರಮನೆಗೆ ಒಬ್ಬ ಋಷಿ ಬಂದ. ರಾಜ ಎಲೆ ಹಾಕಿಸಿದ. ಖಾಸಿಂಸಾಬ ಕೈಯಲ್ಲಿ ಕಾಜು ಹಿಡಿದುಕೊಂಡವನು ಹೋಳಿಗೆಯವರೆಗೂ ಸುಮ್ಮನೆ ಕೇಳಿದ.

"ಆಚಾರ್ರ," ಎಂದ ಕೊನೆಗೆ, "ನಮ್ಮ ಹಲಗ್ಯಾಗ ಋಷಿ ಇಲ್ರಿ."

ಆಚಾರ್ಯರ ಮುಖ ಸಣ್ಣದಾಯಿತು. ಊರಲ್ಲದ ಊರು, ಗುರುತಿಲ್ಲದ ಮನುಷ್ಯ. ಅವನ ಮುಂದೆ ಮೊದಲ ಸಲ ನಿಜ ಹೇಳಿದರು. ಕಾಣೋದಿಲ್ಲ, ಆದರೆ ಕಾಣೋದಿಲ್ಲ ಅನ್ನೋದು ಯಾರಿಗೂ ಕಾಣಬಾರದು. ಪೋಥಿಯೂ ಕಾಣಬೇಕು, ಎದುರಿಗೆ ಕೂತವರಲ್ಲಿ ಯಾರು ತೂಕಡಿಸುತ್ತಾರೆ ಎಂಬುದೂ ಕಾಣಬೇಕು. ಅನಂತರಾಯರಿಗಿದ್ದಂಥ ಎರಡು ನಂಬರಿನ ಕಾಜೇ ಬೇಕು.

"ಅಷ್ಟ ಹೌದಲ್ರಿ. ಇಂಥಾ ಕೋಡು ಈಗ ಎಲ್ಲಿ ಸಿಗತೈತಿ, ಚೌಕಟ್ಟ ಯಾಕ ಬಿಡಬೇಕು? ಕಾಜ ಅಷ್ಟ ಬದಲ ಮಾಡೋಣು. ರೊಕ್ಕಾನೂ ಉಳೀತು, ಮಾನಾನೂ ಉಳೀತು."

ಒಂದಾದ ಮೇಲೊಂದು ಕಾಜು ಹಿಡಿದು ತೋರಿಸಿ ನಂಬರು ಗೊತ್ತುಮಾಡಿದ. ಗಾಲಿಕಲ್ಲಿಗೆ ಹಿಡಿದು ಅಂಚು ತಿಕ್ಕಿದ. ಬೋಗುಣಿಯಲ್ಲಿ ಉಸುಕು ಕಾಯಿಸಿ ಅದರಲ್ಲಿ ಚೌಕಟ್ಟು ಹೂತಿಟ್ಟು, ಕೋಡು ಮೆತ್ತಗಾದ ಮೇಲೆ ಕಾಜು ಕೂಡಿಸಿದ. ಈ ಎಲ್ಲ ಹೊತ್ತೂ ತನ್ನ ಹೊಗಳಿಕೆ ನಿಲ್ಲಿಸಲಿಲ್ಲ. ಮುಂಡರಗಿಯ ಒಬ್ಬ ಗೌಡ ಇವನ ಕಾಜು ಹಾಕಿಕೊಂಡ ದಿನವೇ ತನ್ನ ಎತ್ತು ಪಕ್ಕದವನ ಕೊಟ್ಟಿಗೆಯಲ್ಲಿರುವುದನ್ನು ಕಂಡುಹಿಡಿದನಂತೆ.

"ಇಲ್ಲಿ ನೋಡ್ರಿ, ಕೆಳಗ ಅರ್ಧ ಬಿಲ್ಲಿ ಕಾಣತೈತಲ್ಲ, ಅದು ಓದಾಕ. ಮ್ಯಾಲಿಂದು ದೂರ ನೋಡಾಕ. ಚೌಕಟ್ಟ ದುಂಡಗ ಐತಿ, ಸಡಲಾದ್ರ ಕಾಜು ತಿರುಗತೈತಿ. ಬಿಸಿನೀರ ಮಾತ್ರ ತೋರಸಬ್ಯಾಡ್ರಿ."

"ಚಾಳೀಸಿಗೆ ಬಿಸಿನೀರು ಯಾರು ತೋರಸ್ತಾರೋ ಮಾರಾಯಾ," ಎಂದು ಆಚಾರ್ಯರು ನಕ್ಕರು.

ಕನ್ನಡಕ ಏರಿಸಿ ಕನ್ನಡಿ ನೋಡಿಕೊಂಡಾಗ ಮೊದಲು ಕಂಡದ್ದು ಹಣೆಯ ಅಂಗಾರ. ನಟ್ಟನಡುವೆ ಇರಬೇಕಾದ ಗೆರೆ ಎಡಹುಬ್ಬಿನ ಕಡೆಗೆ ವಾಲಿತ್ತು. ಎಷ್ಟು ದಿನದಿಂದ ಹೀಗಿತ್ತೋ ದೇವರೇ ಬಲ್ಲ. ಅದರ ಚಿಂತೆ ಮಾಡಲು ಅವರಿಗೆ ಪುರಸೊತ್ತಿರಲಿಲ್ಲ. ಕಟ್ಟಳೆಗಿಟ್ಟಳೆ ಮರೆತು ಕನ್ನಡಕ ಹಾಕಿಕೊಂಡೇ ಬಸ್ಸು ಹತ್ತಿ, ಕಂಡಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತ ಬಂದರು. ಮುಳಗುಂದ ದಾಟುವಾಗ ಬಸ್ಸಿನೊಳಗಿನ ‘ಧೂಮ್ರಪಾನ ನಿಷೇಧಿಸಲಾಗಿದೆ’ ಓದಿ ಬಾಜೂಕ್ಕೆ ಕೂತವನ ಬೀಡಿ ಆರಿಸಿದರು. ಶಿರಹಟ್ಟಿ ಬರುವಷ್ಟರಲ್ಲಿ ಅವನು ಎದ್ದು ಹಿಂದಿನ ಸೀಟಿಗೆ ಹೋಗಿದ್ದ. ಆಚಾರ್ಯರಿಗೆ ಅದರ ಪರಿವೆಯೇ ಇರಲಿಲ್ಲ. ಜಗತ್ತನ್ನು ಯಾರೋ ತೊಳೆದು ಒರೆಸಿ ಇಟ್ಟಂತೆ ಕಾಣುತ್ತಿತ್ತು, ಅವರು ಚಿಕ್ಕ ಹುಡುಗನಂತೆ ಖುಷಿಯಾಗಿದ್ದರು.

ಊರು ಬಂದಾಗ ಕನ್ನಡಕ ತೆಗೆದು ಬಟ್ಟೆಯಲ್ಲಿ ಸುತ್ತಿ, ಮನೆಗೆ ಹೋಗಿ, ಎಂದಿನ ಗೂಡಿನಲ್ಲಿ ಎಂದಿನಂತೆ ಇಟ್ಟರು. ಹೆಂಡತಿಗೆ ಒಂದು ಮಾತೂ ಹೇಳಲಿಲ್ಲ.

ಮಾರನೆಯ ದಿನ ಏಕಾದಶಿ. ಪುರಾಣಕ್ಕೆ ಬೇಕಾದ ಸಾಮಾನೆಲ್ಲ ಮಡಿಯಾಗಬೇಕು. ಗಂಟೆ, ದೀಪದ ಕಂಬ, ಎಲ್ಲ ಆದ ಮೇಲೆ ಕೊನೆಗೆ ಕನ್ನಡಕ. ಮಾವನವರ ಕಾಲದಿಂದ ತಾರಾಬಾಯಿಯವರು ಅದನ್ನು ಬಚ್ಚಲ ಹಂಡೆಯ ಕುದಿಯುವ ನೀರಲ್ಲಿ ಅದ್ದಿ, ಹುಣಸೆನೀರಲ್ಲಿ ಒರೆಸಿ, ಮತ್ತೆ ಅದ್ದಿ ಮಡಿ ಮಾಡುತ್ತಿದ್ದರು. ಬಿಸಿಗೆ ಕೋಡು ಮೆತ್ತಗಾಗಿ ಕಾಜುಗಳು ಪ್ರತಿಸಲ ಕಳಚಿ ಬೀಳುತ್ತಿದ್ದವು. ಒರೆಸಿ ಮತ್ತೆ ಒತ್ತಿ ಕೂಡಿಸುತ್ತಿದ್ದರು. ಹಳೆಯ ಕಾಜಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ, ಹೇಗೆ ಕೂಡಿಸಿದರೂ ನಡೆಯುತ್ತಿತ್ತು. ಆಚಾರ್ಯರಿಗೆ ಇದು ಗೊತ್ತಿರಬೇಕಿತ್ತು. ಆದರೆ ಮನೆಯ ಸಾಮಾನು ಹೇಗೆ ಮಡಿಯಾಗುತ್ತವೆಂದು ಯಾವ ಗಂಡಸು ಎದ್ದು ಬಂದು ನೋಡಿದ್ದಾನೆ? ಅವರು ದೇವರ ಕೋಣೆಯಲ್ಲಿ ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದರು. ಅತ್ತ ಬಚ್ಚಲಲ್ಲಿ, ಹಿಂದಿನ ದಿನವೆಲ್ಲ ಗೂಡು ಬರಿದಾಗಿದ್ದದ್ದು ಕಂಡಿದ್ದರಿಂದ, ಊರಿಂದೂರಿಗೆ ಹೋಗಿ ಮೈಲಿಗೆಯಾಗಿ ಬಂದ ಕನ್ನಡಕವೆಂದು ತಾರಾಬಾಯಿಯವರು ಅವತ್ತು ಒಂದು ಮುಳುಗು ಹೆಚ್ಚೇ ಹಾಕಿಸಿದರು. ಕಾಜು ಎರಡೂ ಪುಳಕ್ಕನೆ ಹಂಡೆಗೆ ಬಿದ್ದವು. ತೆಗೆದು, ಬೆಳಕಿಗೆ ಹಿಡಿದು ನೋಡಿ, ತಮಗೆ ಸರಿ ಕಂಡಂತೆ ಕೂಡಿಸಿ, ಪೋಥಿಯ ರೇಷ್ಮೆ ವಸ್ತ್ರದಲ್ಲಿ ಸುತ್ತಿ ಇಟ್ಟರು.

ಸಂಜೆ ಗುಡಿ ಗಿಜಿಗುಡುತ್ತಿತ್ತು. ಪೀಠದ ಬಾಜೂಕ್ಕೆ ಅನಂತರಾಯರು ತಮ್ಮ ಪೋಥಿ ಬಿಡಿಸಿಕೊಂಡು, ಬಂಗಾರದ ಕನ್ನಡಕ ಒರೆಸಿಕೊಂಡು ತಯಾರಾಗಿ ಕೂತಿದ್ದರು. ಎದುರಿಗೆ ಜಾನಕೀಬಾಯಿಯವರು. ಆಚಾರ್ಯರು ನಡುಮನೆಯಲ್ಲಿ ನಡೆವಷ್ಟು ನಿರಾಳವಾಗಿ ಬಂದು ಪೀಠವೇರಿ, ವಸ್ತ್ರ ಬಿಚ್ಚಿ, ಕನ್ನಡಕ ಏರಿಸಿ, ಪೋಥಿಯ ಕಡೆ ನೋಡಿದರು.

ಹಾಳೆ ತುಂಬ ಹೊಗೆ. ಒಂದಕ್ಷರವೂ ಇಲ್ಲ.

ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅದೇ ಹೊಗೆ. ಅನಂತರಾಯರ ಬೆರಳು ಮೊದಲ ಸಾಲಿನ ಮೇಲೆ ನಿಂತು ಕಾಯುತ್ತಿತ್ತು. ಆ ಗದಗಿನವನು ಮೋಸ ಮಾಡಿದ ಎಂದು ಆಚಾರ್ಯರು ಮನಸ್ಸಿನಲ್ಲೇ ಬೈದುಕೊಂಡರು. ಇನ್ನೊಂದು ಗಳಿಗೆಯಲ್ಲಿ ಋಷಿಯನ್ನು ಕರೆಯಬೇಕು, ಕರೆದ ಗಳಿಗೆಗೆ ಪೀಠ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಮನುಷ್ಯ ಮಾಡುವುದು ದೇವರಿಗೆ ಕೈಮುಗಿಯುವುದನ್ನೇ. ಓದುವ ಮೊದಲು ಪೋಥಿಯನ್ನು ಹಣೆಗೆ ಮುಟ್ಟಿಸಿಕೊಳ್ಳುವ ಪದ್ಧತಿ ಇದ್ದೇ ಇದೆ. ಎರಡೂ ಕೈಯಿಂದ ಪೋಥಿ ಎತ್ತಿ, ತಲೆ ಬಾಗಿಸಿ, ನೀನೇ ಗತಿ ಎನ್ನುತ್ತ ಕಣ್ಣು ಮೇಲೆತ್ತಿದರು. ಹಣೆಯ ಮೇಲ್ಗಡೆ, ಬಿಚ್ಚಿದ ಹಾಳೆಯಲ್ಲಿ, ಅಕ್ಷರಗಳು ಆಗಷ್ಟೇ ಅಚ್ಚಾದಂತೆ ಕರ್ರಗೆ ನಿಂತಿದ್ದವು.

ಪೋಥಿ ಕೆಳಗಿಳಿಸಿದರು. ಹೊಗೆ. ಮೇಲೆತ್ತಿದರು. ಅಕ್ಷರ. ಕೆಳಗಿರಬೇಕಾದ ಓದುವ ಬಿಲ್ಲೆ ಮೇಲೆ ಹೋಗಿದೆ ಎಂಬುದು ಅವರಿಗೆ ಆಗ ಹೊಳೆಯಿತು. ಯಾಕೆ, ಹೇಗೆ ಎಂದು ಕೇಳುವ ಹೊತ್ತು ಅದಲ್ಲ. ಪೋಥಿಯನ್ನು ತಲೆಯ ಮೇಲೆ ಎತ್ತಿ ಹಿಡಿದರು, ಗದ್ದವನ್ನು ಎದೆಗೊತ್ತಿದರು, ಕಣ್ಣುಗುಡ್ಡೆ ಮೇಲೆ ಮಾಡಿ ಓದಲು ಶುರು ಮಾಡಿದರು.

ಎಂಥ ಓದು. ಒಂದು ಕೊಂಬು ತಪ್ಪಲಿಲ್ಲ, ಒಂದು ಒತ್ತು ಬೀಳಲಿಲ್ಲ. ರಾಜ ಯುದ್ಧಕ್ಕೆ ಹೋದ, ಗೆದ್ದ, ಬಂದ, ದಾನ ಕೊಟ್ಟ. ತೋಳು ನೋಯತೊಡಗಿದಾಗ ಪೋಥಿ ನಡುಗಿತು, ಭಾವಾವೇಶದಿಂದ ನಡುಗುತ್ತದೆಂದು ಮುಂದೆ ಕೂತ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಅನಂತರಾಯರ ಬೆರಳು ಸಾಲಿಂದ ಸಾಲಿಗೆ ಓಡುತ್ತ, ತಪ್ಪು ಹುಡುಕುತ್ತ, ಅಧ್ಯಾಯದ ಕೊನೆಗೆ ಬಂದು ನಿಂತುಬಿಟ್ಟಿತು.

"ಖರೆ, ಒಂದಕ್ಷರ ತಪ್ಪಿಲ್ಲ," ಎಂದರು ಅವರು, ಒಲ್ಲದ ಮನಸ್ಸಿನಿಂದ. "ಆದ್ರ ಪೋಥಿ ತಲೀ ಮ್ಯಾಲ ಯಾಕ?"

ಎರಡು ವರ್ಷ ಋಷಿಯನ್ನು ಕರೆಸಿದ ಬಾಯಿಗೆ ಇಷ್ಟಕ್ಕೆ ಉತ್ತರ ಸಿಗದೇ ಇದ್ದೀತೇ?

"ಪೋಥಿ ಅಂದ್ರ ದೇವರು ಅನಂತರಾಯರ. ದೇವರನ್ನ ಮ್ಯಾಲಿಂದ ಕೆಳಗ ನೋಡೋದಲ್ಲ, ಕೆಳಗಿಂದ ಮ್ಯಾಲ ನೋಡಬೇಕು. ಇಷ್ಟ ದಿವಸ ನಾ ಕೆಳಗ ಇಟ್ಟು ಓದಿದ್ದೇ ತಪ್ಪಾತು. ಅದಕ್ಕ ಆ ಋಷಿ ಕರೀದ ಬಂದು ಬಂದು ಹೋಗ್ತಿದ್ದ."

ಜಾನಕೀಬಾಯಿಯವರಿಗೆ ಈ ಮಾತು ಮನಸ್ಸಿಗೆ ನಾಟಿತು. "ಹಂಗಾದ್ರ ಈ ಗುಡಿಯೊಳಗ ಇನ್ನ ಪೋಥಿ ಕೆಳಗ ಇಟ್ಟು ಓದೋ ಹಂಗಿಲ್ಲ," ಎಂದು ಅಲ್ಲೇ ಆಜ್ಞೆ ಮಾಡಿದರು. "ಅನಂತರಾಯರ, ನೀವೂ ಒಂದ ಹಾಳಿ ಓದ್ರಿ, ಕೇಳೋಣ."

ಅನಂತರಾಯರು ಹುರುಪಿನಿಂದ ಪೋಥಿ ಎತ್ತಿ ತಲೆಯ ಮೇಲೆ ಹಿಡಿದು ಕಣ್ಣು ಮೇಲೆ ಮಾಡಿದರು. ಅವರ ಕನ್ನಡಕದಲ್ಲಿ ಓದುವ ಬಿಲ್ಲೆ ಇರಬೇಕಾದಲ್ಲೇ, ಅಂದರೆ ಕೆಳಗೇ ಇತ್ತು. ಮೇಲಿನ ಭಾಗದಲ್ಲಿ ಗುಡಿಯ ತೊಲೆ ಚೆನ್ನಾಗಿ ಕಂಡಿತು, ತೊಲೆಯ ಮೇಲಿನ ಹಲ್ಲಿ ಕಂಡಿತು, ಪೋಥಿಯ ಅಕ್ಷರ ಮಾತ್ರ ಕಾಣಲಿಲ್ಲ. ಕೊರಳು ಹಿಂದೆ ಚಾಚಿದರು, ಮುಂದೆ ಚಾಚಿದರು. ಮಂದಿ ಕಾಯುತ್ತಿದ್ದರು. ಕಾಣುವುದಿಲ್ಲ ಎಂದು ಹೇಳಲು ಆಚಾರ್ಯರಿಗೆ ಎಷ್ಟು ಕಷ್ಟವಾಗಿತ್ತೋ ಅವರಿಗೂ ಅಷ್ಟೇ ಕಷ್ಟವಾಯಿತು.

"ಆಗ... ಆಗ ಒಬ್ಬ ಋಷಿ ಬಂದನು," ಎಂದರು.

ಹೂಬತ್ತಿ ಹೊಸೆಯುತ್ತಿದ್ದ ಕೈಗಳೆಲ್ಲ ಒಮ್ಮೆಲೇ ನಿಂತವು. ಬೆಳಗಿನಿಂದ ಉಪವಾಸವಿದ್ದ ಅಷ್ಟೂ ಮುಖಗಳು ಅರಳಿದವು.

"ರಾಜನು ಅವನನ್ನು ಕೂಡ್ರಿಸಿ... ಕೂಡ್ರಿಸಿ... ಚಹಾ ಕೊಟ್ಟನು."

ಪೋಸ್ಟಿನಲ್ಲಿ ಬಂದವರಿಗೆ ಚಹಾ ಕೊಟ್ಟು ರೂಢಿಯಾದ ಮನುಷ್ಯ, ಅವರಾದರೂ ಏನು ಮಾಡಬೇಕು.

"ಋಷಿಗೆ ಚಹಾ?" ಎಂದರು ಜಾನಕೀಬಾಯಿಯವರು. "ಬರೀ ಚಹಾ?"

"ಒಂದೆರಡು ಬಿಸ್ಕೀಟೂ..."

"ಸಾಕು, ಪೋಥಿ ಇಳಸ್ರಿ."

ಅಷ್ಟಕ್ಕೆ ಪೀಠದ ತಕರಾರು ಮುಗಿಯಿತು. ಆದರೆ ಹೆಂಗಸರು ಏಳಲಿಲ್ಲ. ಗುಸುಗುಸು ನಡೆಯಿತು. ಕೊನೆಗೆ ಜಾನಕೀಬಾಯಿಯವರೇ ದನಿ ತಗ್ಗಿಸಿ, "ಪೋಥಿ ಖರೆ ಓದಿದ್ರಿ ಆಚಾರ್ರ, ನಮಗೂ ಸಮಾಧಾನಾತು. ಆದ್ರ ಆ ಋಷಿ ಇನ್ನ ಬರೋದೇ ಇಲ್ಲೇನು?" ಎಂದರು.

"ಪೋಥಿ ಮುಚ್ಚಿದ ಮ್ಯಾಲ ಬರ್ತಾನ್ರಿ," ಎಂದು ಆಚಾರ್ಯರು ಕನ್ನಡಕ ತೆಗೆದಿಟ್ಟು, ನೋಯುವ ತೋಳು ಇಳಿಬಿಟ್ಟು, ಕಣ್ಣು ಮುಚ್ಚಿ ಎಲೆ ಹಾಕಿಸಿದರು. ಅವತ್ತು ಋಷಿ ಹಿಂದೆಂದೂ ಉಣ್ಣದಷ್ಟು ಉಂಡ. ಹಿಂದಿನ ಕಂಬದ ಹತ್ತಿರ ತಾರಾಬಾಯಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಇದ್ದರು.

ದ್ವಾದಶಿ ಬೆಳಿಗ್ಗೆ ಪಾರಣೆಗೆ ಕೂತಾಗ ಆಚಾರ್ಯರು ಕನ್ನಡಕ ತಂದು ಅತ್ತಿತ್ತ ತಿರುಗಿಸಿ ನೋಡುತ್ತ, ತಡೆಯಲಾರದೆ ಅಂದುಬಿಟ್ಟರು: "ಆ ಖಾಸಿಂಸಾಬ ಕಾಜು ತಲೆಕೆಳಗ ಕೂಡ್ಸ್ಯಾನ ನೋಡು. ನನ್ನ ಮಾನ ಕಳದಿದ್ದ." ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಪಂಚಾಂಗ ತರಲು ಹೋದವರಿಗೆ ಖಾಸಿಂಸಾಬ ಎಲ್ಲಿಂದ ಗಂಟುಬಿದ್ದ?

ತಾರಾಬಾಯಿಯವರು ಹಂಚಿನ ಮೇಲಿನ ಹೋಳಿಗೆ ತಿರುವಿ ಹಾಕಿದರು. "ಅವನ್ಯಾಕ ಮಾಡ್ತಾನ್ರಿ, ಪಾಪ. ನಾನ ಮಾಡಿದ್ದು. ಹಂಡೇದೊಳಗ ಬಿದ್ವು. ತಗದು ನೋಡಿದ್ರ ಒಳಗ ಅರ್ಧ ಚಂದ್ರ. ಚಂದ್ರ ಮ್ಯಾಲ ಇರ್ತಾನ, ಕೆಳಗ ಇರ್ತಾನೇನು? ಅದಕ್ಕ ಮ್ಯಾಲ ಮಾಡಿ ಕೂಡ್ಸಿದೆ."

ಆಚಾರ್ಯರು ಕನ್ನಡಕ ಬೆಳಕಿಗೆ ಹಿಡಿದರು. ಹೌದು, ಎರಡೂ ಕಾಜಿನಲ್ಲಿ ಒಂದೊಂದು ಚಂದ್ರ, ಆಕಾಶದಲ್ಲಿರಬೇಕಾದ ಜಾಗದಲ್ಲೇ ಇದ್ದ. ಬೈಯಬೇಕೆಂದರೂ ಏನೆಂದು ಬೈಯುವುದು?

"ಕಾಜು ಹೊಸಾವು ಅಂತ ಗೊತ್ತಾತು. ಅಂದ್ರ ಯಾಕ ಅಂತ ಕೇಳಲಿಲ್ಲ ನೀನು?"

"ಹಳೇವು ಕಾಣಲಾರದಂಗ ಆಗ್ಯಾವು ಅಂತ ಎರಡ ವರ್ಷದಿಂದ ಗೊತ್ತದಲ್ರಿ, ಮತ್ತೇನ ಕೇಳ್ಲಿ?"

ಆಚಾರ್ಯರು ಕನ್ನಡಕ ಕೆಳಗಿಟ್ಟರು. "ಯಾರು ಹೇಳಿದ್ರು?"

"ಆ ಋಷಿ ಹೇಳಿದ. ಪ್ರತಿ ದ್ವಾದಶಿಗೆ ನಾ ಏನ ಮಾಡಿ ಬಡಸ್ತೀನೋ, ಮುಂದಿನ ಏಕಾದಶಿಗೆ ಅವ ಅದನ್ನ ಉಣ್ತಾನ. ಅದೇ ಕಟ್ಟಿನ ಸಾರು, ಅದೇ ಚಟ್ನಿ. ಒಮ್ಮೆ ನಾ ಹೋಳಿಗಿಗೆ ಏಲಕ್ಕಿ ಹಾಕೋದು ಮರತಿದ್ದೆ. ರಾಜನ ಮನಿ ಹೋಳಿಗಿಗೂ ಏಲಕ್ಕಿ ಕಡಿಮಿ ಬಿದ್ದಿತ್ತು. ಯಾವ ಪೋಥಿಯೊಳಗ ಇರ್ತದ್ರಿ ಅದು?"

ತಾರಾಬಾಯಿಯವರು ತಾಟಿಗೆ ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟರು. ಬೆನ್ನು ತಿರುಗಿಸಿಕೊಂಡು ಹೇಳಿದರು, "ಮದವಿ ಆದಾಗಿಂದ ಬಡಸ್ಲಿಕತ್ತೀನಿ. ಅಡಿಗಿ ಛಲೋ ಆಗೇದ ಅಂತ ಒಂದ ದಿವಸ ನೀವು ಅಂದವರಲ್ಲ. ಋಷಿ ಅಂತಾನ. ಊರ ಮಂದಿ ಮುಂದ ಅಂತಾನ. ಅದಕ್ಕ ನಾ ಸುಮ್ಮನ ಇದ್ದೆ, ನಿಮಗ ಅಕ್ಷರ ಕಾಣಲಿಲ್ಲಂದ್ರ ಇರ್ಲಿ ಬಿಡು ಅಂತ."

ಆಚಾರ್ಯರಿಗೆ ನಾಚಿಕೆಯೂ ಆಯಿತು, ಕಣ್ಣೂ ತುಂಬಿ ಬಂತು. ಎಷ್ಟು ವರ್ಷ ಉಂಡು ಕೈತೊಳೆದು ಎದ್ದುಹೋಗಿದ್ದೇನೆ, ಅದನ್ನೆಲ್ಲ ಒಬ್ಬ ಋಷಿಯ ಬಾಯಿಂದ ಹೇಳಿಸಿದ್ದೇನೆ ಎಂದು ಮನಸ್ಸು ಹಿಂಡಿದಂತಾಯಿತು. ಇವತ್ತಾದರೂ ಈ ಹೋಳಿಗೆಯನ್ನು ಕಣ್ಣಿಟ್ಟು ನೋಡಿ ಉಣ್ಣಬೇಕೆಂದು, ತಂದೆಯ ಕಟ್ಟಳೆ ಮುರಿದು, ಕನ್ನಡಕ ಮೂಗಿಗೇರಿಸಿದರು. ತಾಟಿನ ತುಂಬ ಹೊಗೆ. ಆಗ ಎರಡೂ ಕೈಯಿಂದ ತಾಟು ಎತ್ತಿ, ಗದ್ದ ಎದೆಗೊತ್ತಿ, ತಲೆಯ ಮೇಲೆ ಓರೆಯಾಗಿ ಹಿಡಿದು ಕಣ್ಣು ಮೇಲೆ ಮಾಡಿದರು. ಹೊಂಬಣ್ಣದ ಹೋಳಿಗೆ, ಅಲ್ಲಲ್ಲಿ ಕಂದುಚುಕ್ಕೆ, ಅಂಚಿಗೆ ಹರಿದು ಬರುತ್ತಿರುವ ತುಪ್ಪ.

"ಛಲೋ ಆಗೇದ," ಎಂದರು.

ತಾರಾಬಾಯಿಯವರು ತಿರುಗಿ ನೋಡಿದರು. "ಅನ್ನೋದು ಋಷಿಯೋ, ನೀವೋ?"

"ನಾನ."

ತುಪ್ಪ ತಾಟಿನಂಚು ದಾಟಿ ಅವರ ಹಣೆಯ ಅಂಗಾರದ ಮೇಲೆ ಬಿದ್ದು ಮೂಗಿಗುಂಟ ಇಳಿಯಿತು. ತಾರಾಬಾಯಿಯವರು ಎರಡು ವರ್ಷ ಸೆರಗಿನಲ್ಲಿ ಹಿಡಿದಿಟ್ಟುಕೊಂಡ ನಗುವನ್ನೆಲ್ಲ ಬಿಟ್ಟು ನಕ್ಕರು. ಆಮೇಲೆ ಹತ್ತಿರ ಬಂದು ತಾಟು ಹಿಡಿದು ಕೆಳಗಿಳಿಸಿ, ಸೆರಗಿನ ತುದಿಯಿಂದ ಅವರ ಮೂಗು ಒರೆಸಿದರು.